ಹಿಟ್ನಾಳದ ಫ್ರಿಜ್‌ನಲ್ಲಿ ಅಕ್ಕನ ಗಂಟು

ಅಕ್ಕನ ಎದೆಯ ಗಂಟನ್ನು ಕೊಪ್ಪಳದ ದವಾಖಾನೆಯಲ್ಲಿ ತೆಗೆದ ದಿನ ನಾನು ಹಿಟ್ನಾಳದ ಒಂದು ಮನೆಯಲ್ಲಿ ಕೂತು ಶಿರಾ ತಿಂದೆ. ಎರಡನೆಯ ಸಲವೂ ಹಾಕಿಸಿಕೊಂಡೆ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಬರೆಯುತ್ತ ಬರೆಯುತ್ತ ಅದನ್ನು ಹಾರಿಸಿಕೊಂಡು ಹೋಗುತ್ತೇನೆ ಎಂದು ನನಗೆ ಗೊತ್ತು.

ನಾನು ಏಳನೆಯ ತರಗತಿಯವರೆಗೆ ಓದಿದವನು. ಕುಷ್ಟಗಿಯಲ್ಲಿ ನನ್ನದೊಂದು ಪಂಕ್ಚರ್ ಅಂಗಡಿ ಇದೆ. ನಮ್ಮ ಮೂಲ ಊರು ಯಲಬುರ್ಗಾ ತಾಲೂಕಿನ ಒಂದು ಹಳ್ಳಿ. ಅವ್ವ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದವಳು ಅಕ್ಕ. ನನ್ನ ತಲೆಗೆ ಎಣ್ಣೆ ಹಚ್ಚಿ, ಕಿವಿ ಹಿಂಡಿ, ಸಾಲೆಗೆ ಅಟ್ಟಿದವಳು ಅವಳೇ. ಮದುವೆಯಾಗಿ ಕೊಪ್ಪಳದ ಮಗ್ಗುಲಿನ ಭಾಗ್ಯನಗರಕ್ಕೆ ಹೋದಳು. ಮಕ್ಕಳಾಗಲಿಲ್ಲ. ಗಂಡ ತೀರಿಕೊಂಡ ಮೇಲೂ ಅಲ್ಲೇ ಉಳಿದಳು, ಯಾಕೆಂದರೆ ಅವಳ ಕೆಲಸ ಅಲ್ಲಿತ್ತು.

ಭಾಗ್ಯನಗರದಲ್ಲಿ ಕೂದಲಿನ ಕೆಲಸ ಮಾಡುವ ಮನೆಗಳು ಬಹಳ. ಹೆಂಗಸರು ತಲೆ ಬಾಚಿ ಸುತ್ತಿಟ್ಟ ಕೂದಲಿನ ಉಂಡೆಗಳು ಎಲ್ಲೆಲ್ಲಿಂದಲೋ ಚೀಲಗಟ್ಟಲೆ ಬರುತ್ತವೆ. ಅದನ್ನು ಬಿಡಿಸಬೇಕು, ದಾರ ಕಸ ತೆಗೆಯಬೇಕು, ಬಿಳಿ ಕೂದಲನ್ನು ಕರಿ ಕೂದಲಿನಿಂದ ಬೇರೆ ಮಾಡಬೇಕು, ಕಬ್ಬಿಣದ ಹಲ್ಲಿನ ಹಣಿಗೆಯಲ್ಲಿ ಎಳೆದು ಉದ್ದ ನೋಡಿ ಕಟ್ಟು ಕಟ್ಟಬೇಕು. ಅಕ್ಕ ಕಿಟಕಿಯ ಬೆಳಕಿಗೆ ಬೆನ್ನು ಕೊಟ್ಟು, ಮಡಿಲಿಗೆ ಒಂದು ಬಿಳಿ ಬಟ್ಟೆ ಹಾಸಿಕೊಂಡು ಕೂರುತ್ತಿದ್ದಳು. ಮಾತಾಡುತ್ತಲೇ ಇರುತ್ತಿದ್ದಳು, ಬೆರಳು ಮಾತ್ರ ತಮ್ಮ ಪಾಡಿಗೆ ತಾವು ಬಿಳಿಯದನ್ನು ಹುಡುಕಿ ಎಳೆಯುತ್ತಿದ್ದವು. ನಾನು ಹೋದರೆ ನನ್ನ ತಲೆಗೂ ಕೈ ಹಾಕಿ, "ನಿನ್ನವೂ ಬಂದಾವ ನೋಡು, ಕಿತ್ತು ಕೊಡ್ಲೇನು?" ಎನ್ನುತ್ತಿದ್ದಳು.

ಗಂಟು ಇದೆ ಎಂದು ಅವಳು ನನಗೆ ಹೇಳಿದ ಸಮಯದಲ್ಲಿ ನನ್ನ ಮಗಳಿಗೆ ಒಂದು ಸಂಬಂಧ ಕೂಡಿ ಬರುವುದರಲ್ಲಿತ್ತು. ಹುಡುಗನಿಗೆ ಗಂಗಾವತಿಯಲ್ಲಿ ನೌಕರಿ. ತಂದೆ ತಾಯಿ ಹಿಟ್ನಾಳದಲ್ಲಿ, ಕಾಳಿನ ವ್ಯಾಪಾರ. ಸ್ವಚ್ಛವಾದ, ದೊಡ್ಡ ಮನೆ. ಮಗಳು ಹುಡುಗನನ್ನು ಒಪ್ಪಿದ್ದಳು. ನನಗೆ ಅದೊಂದೇ ಕಣ್ಣ ಮುಂದೆ ಇತ್ತು.

"ಅಕ್ಕ, ಈಗ ಯಾರ ಮುಂದೂ ಹೇಳಬ್ಯಾಡ" ಎಂದೆ.

"ಯಾಕ? ಹತ್ತೋ ರೋಗ ಏನು ಇದು?"

"ಹತ್ತೋದಲ್ಲ. ಮನೆತನದಾಗ ಐತಿ ಅಂತಾರ. ಸೋದರತ್ತಿಗೆ ಬಂದದ್ದು ತಮ್ಮನ ಮಗಳಿಗೂ ಬರ್ತೈತಿ ಅಂತ ಮಾತು ತೆಗೀತಾರ."

ಅಕ್ಕ ಕೈಯಲ್ಲಿದ್ದ ಕೂದಲಿನ ಕಟ್ಟು ಕೆಳಗಿಟ್ಟಳು. "ಆತು ಬಿಡು. ಹುಡುಗಿ ತಲಿ ಮ್ಯಾಲೆ ಅಕ್ಕಿಕಾಳ ಬೀಳೂ ತನಕ ನಾ ಬಾಯಿ ಮುಚ್ಕೊಂಡಿರ್ತೀನಿ" ಎಂದಳು. ಹೆಣ್ಣು ನೋಡಲು ಅವರು ಕುಷ್ಟಗಿಗೆ ಬಂದ ದಿನ ಅಕ್ಕ ಬರಲಿಲ್ಲ. ಬರಬೇಡ ಎಂದು ಹೇಳಿದವನು ನಾನೇ. ಎಲ್ಲಿ ಎಂದು ಅವರು ಕೇಳಿದಾಗ, ಹೇಮಗುಡ್ಡದ ದುರ್ಗಮ್ಮನಿಗೆ ಹರಕೆ ಇತ್ತು, ಅಲ್ಲಿಗೆ ಹೋಗಿದ್ದಾಳೆ ಎಂದೆ. ಅವತ್ತು ಅವಳು ದವಾಖಾನೆಯ ಬೆಂಚಿನ ಮೇಲೆ ಒಬ್ಬಳೇ ಕೂತು ಸೂಜಿ ಚುಚ್ಚಿಸಿಕೊಳ್ಳುತ್ತಿದ್ದಳು.

ಆಪರೇಷನ್ನಿಗೆ ಮುಂಚೆ, ಅಕ್ಕನ ವಾರ್ಡಿಗೆ ಬಳ್ಳಾರಿಯಿಂದ ಒಬ್ಬ ಹೆಣ್ಣುಮಗಳು ಬಂದಿದ್ದಳು. ಕನ್ನಡಕ ಹಾಕಿದ, ತೆಳ್ಳನೆಯ ಹುಡುಗಿ. ಕ್ಯಾನ್ಸರಿನ ಸಂಶೋಧನೆ ಮಾಡುವ ಪ್ರಯೋಗಾಲಯದವಳು. ಕುರ್ಚಿ ಎಳೆದುಕೊಂಡು ಅಕ್ಕನ ಹತ್ತಿರವೇ ಕೂತಳು.

"ಗಂಟು ಅಂದ್ರ ಬರೇ ರೋಗ ಅಲ್ರಿ ಅಮ್ಮಾ. ಅದರಾಗ ನಿಮ್ಮ ಕೊಬ್ಬು ಐತಿ, ರಕ್ತ ಐತಿ, ಛಲೋ ಮಾಂಸಾನೂ ಐತಿ. ಎಲ್ಲಾ ಜೀವಕೋಶ ಕಲಬೆರಕಿ ಆಗಿರ್ತಾವ. ನಾವು ರೋಗದವಷ್ಟಽ ಬ್ಯಾರೆ ಮಾಡಿ, ಜೀವಂತ ಇಟ್ಟು ಬೆಳಸ್ತೀವಿ. ಯಾವ ಔಷಧಕ್ಕ ಅವು ಸಾಯ್ತಾವ ಅಂತ ನೋಡ್ತೀವಿ."

"ಬ್ಯಾರೆ ಮಾಡದಿದ್ರ?"

"ಛಲೋ ಕೋಶದಾಗ ಕೆಲವು ಭಾಳ ಲಗೂ ಬೆಳಿತಾವ್ರಿ, ಹೊಲದಾಗ ಕಸ ಬೆಳದಂಗ. ರೋಗದ್ದನ್ನ ಮುಚ್ಚಿಬಿಡ್ತಾವ. ಆಮ್ಯಾಲೆ ಔಷಧ ಯಾವುದಕ್ಕ ತಾಕಿತು ಅಂತ ತಿಳಿಯಂಗಿಲ್ಲ."

ಅಕ್ಕನ ಮುಖ ಅರಳಿತು. "ಹಂಗಾರ ನಂದಽ ಕೆಲಸ ಬಿಡವಾ ನಿಂದೂ. ಒಂದು ಬಿಳೀ ಕೂದಲ ಉಳದ್ರ ಇಡೀ ಕಟ್ಟು ವಾಪಸ ಬರ್ತೈತಿ ನಮಗ." ಆಮೇಲೆ ಕೇಳಿದಳು, "ಇದರಿಂದ ನನಗೇನರ ಉಪಯೋಗ ಐತೇನು?"

"ಇಲ್ರಿ ಅಮ್ಮಾ. ಸುಳ್ಳು ಹೇಳಂಗಿಲ್ಲ. ನಿಮ್ಮ ಉಪಚಾರ ಡಾಕ್ಟರು ಬ್ಯಾರೆ ಮಾಡ್ತಾರ. ಇದು ಮುಂದ ಯಾರಿಗರ ಆಗಬಹುದು."

"ಒಯ್ಯಿ ಹಂಗಾರ. ನಾ ಅದನ್ನ ಇಟ್ಕೊಂಡು ಏನು ಉಪ್ಪಿನಕಾಯಿ ಹಾಕಲಿ?"

ಪಕ್ಕದ ಮಂಚದವರೂ ನಕ್ಕರು. ಅಕ್ಕ ಸಹಿ ಮಾಡಿದಳು. ಹುಡುಗಿ ಹೋದ ಮೇಲೆ ನನಗೆ ಹೇಳಿದಳು, "ಕೂಸು ಕುನ್ನಿ ಏನೂ ಬಿಟ್ಟು ಹೋಗಂಗಿಲ್ಲ ನಾನು. ಇದಾದರೂ ಎಲ್ಲೋ ಬೆಳೀಲಿ." ಅದನ್ನೂ ನಗೆಚಾಟಿಕೆಯಂತೆಯೇ ಹೇಳಿದಳು. ಆದರೆ ನಾನು ಅವಳ ತಮ್ಮ. ಅದು ನಗೆಚಾಟಿಕೆಯಲ್ಲ ಎಂದು ನನಗೆ ತಿಳಿಯಿತು.

ಆಪರೇಷನ್ ಬೆಳಿಗ್ಗೆಯೇ ಮುಗಿಯಿತು. ಗಂಟಿನ ದೊಡ್ಡ ಭಾಗ ಎಂದಿನಂತೆ ರೋಗ ಪರೀಕ್ಷೆಗೆ ಹೋಯಿತು. ಅಕ್ಕನ ಔಷಧೋಪಚಾರ ಅದರ ಮೇಲೆ ನಡೆಯಿತು, ಅದಕ್ಕೇನೂ ಕುಂದು ಬರಲಿಲ್ಲ. ಸಂಶೋಧನೆಗೆಂದು ಇಟ್ಟ ಚೂರು ಬೇರೆ. ಅದನ್ನು ಒಯ್ಯಬೇಕಾದ ಬಳ್ಳಾರಿಯ ಮನುಷ್ಯ ಜ್ವರ ಬಂದು ಮಲಗಿದ್ದ. ನರ್ಸಮ್ಮ ನನ್ನನ್ನು ಕರೆದಳು.

"ನೀವಽ ಒಯ್ತೀರೇನ್ರಿ? ಬಸ್ಸಿನ್ಯಾಗ ಸೀದಾ ಹೋಗ್ರಿ."

ಒಂದು ಥರ್ಮಾಕೋಲ್ ಡಬ್ಬಿ. ಒಳಗೆ ಬರ್ಫಿನ ಪಾಕೀಟುಗಳು, ಅವುಗಳ ನಡುವೆ ದಪ್ಪ ಅರಿವೆಯಲ್ಲಿ, ಬಿಳಿ ಚೀಲದಲ್ಲಿ ಸುತ್ತಿಟ್ಟ ಸಣ್ಣ ಶೀಸೆ. ಶೀಸೆಯಲ್ಲಿ ಗುಲಾಬಿ ಬಣ್ಣದ ನೀರು, ಅದರಲ್ಲಿ ಅಕ್ಕನ ಗಂಟಿನ ಚೂರು. ನರ್ಸಮ್ಮ ಬೆರಳು ಎತ್ತಿ ಹೇಳಿದಳು. "ತಂಪಿರಬೇಕು, ಬರ್ಫ್ ಆಗಬಾರದು. ಬರ್ಫ್ ಆತಂದ್ರ ಒಳಗಿನ ಕೋಶ ಒಡದು ಸತ್ತು ಹೋಗ್ತಾವ. ನೆನಪಿರ್ಲಿ." ನೆನಪಿರುತ್ತದೆ ಎಂದೆ. ನೆನಪಿತ್ತು ಕೂಡ.

ಕೊಪ್ಪಳದಿಂದ ಹೊಸಪೇಟೆ ದಾರಿಯಲ್ಲಿ ಹಿಟ್ನಾಳ ಬಹಳ ದೂರವಿಲ್ಲ. ಬಸ್ಸು ನಿಂತಾಗ, ಹಣ್ಣಿನ ಗಾಡಿಯ ಹತ್ತಿರ ನಿಂತಿದ್ದ ಬೀಗರು ನನ್ನನ್ನು ಕಿಟಕಿಯಲ್ಲಿ ಕಂಡರು. ಆಗಿನ್ನೂ ನಿಶ್ಚಯ ಆಗಿರಲಿಲ್ಲ, ಆದರೂ ಅವರು ಬೀಗರೇ ಎಂದೇ ಕರೆಯುತ್ತಿದ್ದರು.

"ಬೀಗರ, ಇದೇನ್ರಿ ಇದು? ನಮ್ಮೂರ ಮುಂದ ಹಾಯ್ದು ಕಳ್ಳನಂಗ ಹೊಂಟೀರಿ? ಇಳೀರಿ, ಇಳೀರಿ."

"ಅರ್ಜಂಟ್ ಕೆಲಸ ಐತ್ರಿ, ಬಳ್ಳಾರಿಗೆ..."

"ಬಳ್ಳಾರಿ ಎಲ್ಲಿಗೂ ಓಡಿ ಹೋಗಂಗಿಲ್ಲ. ಮನ್ಯಾಗ ಹೆಣ್ಣುಮಕ್ಕಳಿಗೆ ಗೊತ್ತಾದ್ರ ನನ್ನ ಬಿಡ್ತಾರೇನು? ಹುಡುಗಿ ಅಪ್ಪ ಮನಿ ಮುಂದ ಹಾಯ್ದು ಹೋದ, ನೀ ನೋಡ್ಕೋತ ನಿಂತಿದ್ದಿ ಅಂತಾರ."

ನಮ್ಮ ಕಡೆ ಹೀಗೆ ಕರೆದರೆ ಇಳಿಯದಿದ್ದವನು ಸಂಬಂಧವನ್ನೇ ಬೇಡ ಎಂದ ಹಾಗೆ. ಕಂಡಕ್ಟರನೂ ನಕ್ಕು, "ಇಳೀರಿ ಯಜಮಾನ್ರ, ಬೀಗರ ಊಟ ಬಿಟ್ಟು ನನ್ನ ಸೀಟು ಯಾಕ ಕಾಯ್ತೀರಿ" ಎಂದ. ನಾನು ಡಬ್ಬಿ ಎದೆಗೆ ಅವಚಿಕೊಂಡು ಇಳಿದೆ. ಅಷ್ಟು ತಪ್ಪಲ್ಲ. ಎದೆಗೆ ತಾಗಿದ ಡಬ್ಬಿ ಇನ್ನೂ ತಂಪಾಗಿತ್ತು. ಚಹಾ ಕುಡಿದು ಮುಂದಿನ ಬಸ್ಸು ಹಿಡಿದಿದ್ದರೆ ಎಲ್ಲವೂ ಸರಿಯಾಗಿಯೇ ಇರುತ್ತಿತ್ತು.

ಬೀಗತಿ ಬಾಗಿಲಿಗೆ ನೀರು ತಂದರು. ಕಾಲು ತೊಳೆದುಕೊಂಡು ಒಳಗೆ ಹೋಗುವಾಗ ಅವರ ಕಣ್ಣು ಡಬ್ಬಿಯ ಮೇಲೆ ಬಿತ್ತು.

"ಇದೇನ್ರಿ, ತಂಪಾನ ತಂಪು?"

"ದನದ ಔಷಧರಿ" ಎಂದೆ. ಆ ಮಾತು ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ನನ್ನ ಮನೆಯಲ್ಲಿ ಒಂದು ಆಡಿನ ಮರಿಯೂ ಇಲ್ಲ. "ಬಳ್ಳಾರ್ಯಾಗ ಒಬ್ಬರಿಗೆ ಮುಟ್ಟಿಸಬೇಕು. ಗೆಳ್ಯಾ ಕೊಟ್ಟಾನ."

"ಪಾಪ, ಮೂಕ ಪ್ರಾಣಿದು" ಎಂದು ಅವರು ನನ್ನ ಕೈಯಿಂದ ಡಬ್ಬಿ ಇಸಿದುಕೊಂಡರು. ನಾನು ಪಡಸಾಲೆಯಲ್ಲಿ ಕೂತೆ. ಒಳಗಿನಿಂದ ಅವರ ದನಿ ಬಂತು. "ಬರ್ಫ ಕರಗಾಕತ್ತಾವ್ರೀ. ಫ್ರಿಜ್‌ನ್ಯಾಗ ಮ್ಯಾಲಿನ ಖಾನೇದಾಗ ಶೀಸೆ ಸಮೇತ ಇಟ್ಟೀನಿ. ಘಟ್ಟಿ ತಂಪಾಗ್ಲಿ."

ಮೇಲಿನ ಖಾನೆ ಎಂದರೆ ಬರ್ಫು ಆಗುವ ಜಾಗ. ನನಗೆ ಕೇಳಿಸಿತು, ಅರ್ಥವೂ ಆಯಿತು. ಎದ್ದು ಹೋಗಿ, ಅಲ್ಲಿ ಬೇಡ, ಕೆಳಗೆ ಇಡಿ ಎನ್ನಬೇಕಿತ್ತು. ಅಷ್ಟೇ ಮಾತು. ಆದರೆ ಯಾಕೆ ಎಂದು ಕೇಳುತ್ತಾರೆ, ಏನು ಔಷಧ ಎನ್ನುತ್ತಾರೆ, ಚೀಲ ಬಿಚ್ಚಿ ನೋಡುತ್ತಾರೆ, ಗುಲಾಬಿ ನೀರಿನಲ್ಲಿ ಇರುವುದೇನು ಎನ್ನುತ್ತಾರೆ. ಅವರು ತಮ್ಮ ಫ್ರಿಜ್‌ನಲ್ಲಿ ಮೊಟ್ಟೆ ಸಹ ಇಡುವವರಲ್ಲ. ಒಂದು ಪ್ರಶ್ನೆಯಿಂದ ಇನ್ನೊಂದಕ್ಕೆ ಹೋಗಿ ಕಡೆಗೆ ಅಕ್ಕನ ಎದೆಗೆ ಬಂದು ಮುಟ್ಟುತ್ತದೆ ಎಂದು ನಾನು ಹೆದರಿದೆ. ಕೂತಲ್ಲೇ ಕೂತೆ.

ಶಿರಾ ಬಂತು. ತುಪ್ಪ ಮೇಲೆ ತೇಲುತ್ತಿತ್ತು. ಆಮೇಲೆ ಊಟ ಮಾಡಿಯೇ ಹೋಗಬೇಕು ಎಂದರು. ರೊಟ್ಟಿ ಬಡಿಯುವ ಸದ್ದು ಕೇಳುತ್ತ ಬೀಗರ ಜೊತೆ ತೊಗರಿ ಪೇಟೆಯ ಮಾತಾಡಿದೆ. ಊಟಕ್ಕೆ ಬಡಿಸುತ್ತ ಬೀಗತಿ ಕೇಳಿದರು, "ನಿಮ್ಮ ಅಕ್ಕಾರು ಆರಾಮ ಅದಾರೇನ್ರಿ? ಹೆಣ್ಣು ನೋಡಾಕ ಬಂದಾಗ ಸಿಗಲಿಲ್ಲ."

ಅಕ್ಕ ಆಗ ಅರೆಎಚ್ಚರದಲ್ಲಿ ನೀರು ನೀರು ಎನ್ನುತ್ತ ಮಲಗಿದ್ದಳು.

"ಆರಾಮ ಅದಾಳ್ರಿ" ಎಂದೆ.

ಹೊರಡುವಾಗ ಬೀಗತಿ ತಾವೇ ಡಬ್ಬಿ ಕಟ್ಟಿ ಕೊಟ್ಟರು, ಮೇಲೆ ತಮ್ಮ ಫ್ರಿಜ್‌ನ ಬರ್ಫಿನ ತುಂಡುಗಳನ್ನೂ ಹಾಕಿದ್ದರು. ಬಸ್ಸು ಹತ್ತಿ ಕೂತು ಚೀಲ ಬಿಚ್ಚಿದೆ. ಶೀಸೆಯ ನೀರು ಗಟ್ಟಿಯಾಗಿತ್ತು. ಅಲುಗಾಡಿಸಿದರೆ ಅಲುಗಲಿಲ್ಲ. ಆಗ ನಾನು ಮಾಡಿದ್ದನ್ನು ಯಾರಿಗೂ ಹೇಳಿಲ್ಲ. ಡ್ರೈವರನ ಪಕ್ಕದ ಬಾನೆಟ್ಟು ಕಾದಿತ್ತು. ಅಲ್ಲಿ ಟವೆಲ್ ಹಾಸಿ, ಶೀಸೆಯನ್ನು ಅದರ ಮೇಲಿಟ್ಟು, ಕೈಯಲ್ಲಿ ತಿರುಗಿಸುತ್ತ ಕೂತೆ. ಹಸಿ ಪ್ಯಾಚನ್ನು ಟ್ಯೂಬಿಗೆ ಅಂಟಿಸಿ ಕಾಯುವಾಗ ಕೂರುತ್ತೇನಲ್ಲ, ಹಾಗೆ. ಹೊಸಪೇಟೆ ದಾಟುವಷ್ಟರಲ್ಲಿ ಅದು ನೀರಾಯಿತು. ಮತ್ತೆ ಬರ್ಫಿನ ನಡುವೆ ಇಟ್ಟೆ. ನೋಡಿದವರಿಗೆ ಏನೂ ಗೊತ್ತಾಗುತ್ತಿರಲಿಲ್ಲ.

ಬಳ್ಳಾರಿಯಲ್ಲಿ ಕನ್ನಡಕದ ಹುಡುಗಿ ಬಾಗಿಲಲ್ಲೇ ಕಾಯುತ್ತಿದ್ದಳು. "ತಡ ಆತಲ್ರಿ" ಎಂದಳು. ಬಸ್ಸು ಕೆಟ್ಟು ನಿಂತಿತ್ತು ಎಂದೆ. ಚಹಾ ತರಿಸುತ್ತೇನೆ ಎಂದಳು. ಬೇಡ ಎಂದು ಓಡಿ ಬಂದೆ.

ಕೆಲವು ದಿನಗಳ ಮೇಲೆ ಅವಳ ಫೋನು ಬಂತು. ನಾನು ಟ್ಯೂಬು ನೀರಿನಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಏಳುತ್ತದೆ ಎಂದು ನೋಡುತ್ತಿದ್ದೆ. "ಒಂದೂ ಬದುಕಿಲ್ರಿ. ಒಳಗೆಲ್ಲ ಒಡದಾವ. ದಾರ್ಯಾಗ ಬರ್ಫ್ ಆಗಿತ್ತೇನು?"

"ಇಲ್ರಿ."

"ಹಂಗಾರ ಪಾಕೀಟ ಶೀಸೆಗೆ ತಾಗಿಸಿ ಇಟ್ಟಿರಬೇಕು. ದವಾಖಾನಿಯವರಿಗೆ ಹೇಳ್ತೀನಿ. ಅಮ್ಮಗ ಬ್ಯಾಸರ ಆಗಬಾರದು, ನೀವಽ ತಿಳಿಸಿ ಹೇಳ್ರಿ."

ನಾನು ಭಾಗ್ಯನಗರಕ್ಕೆ ಹೋದೆ, ಹೇಳಬೇಕೆಂದೇ. ಅಕ್ಕ ಮೊದಲ ಕೀಮೋ ಮುಗಿಸಿ ಗೋಡೆಗೆ ಒರಗಿ ಕೂತಿದ್ದಳು. ಬಾಯಿ ಹುಣ್ಣಾಗಿತ್ತು. ನನ್ನನ್ನು ಕಂಡವಳೇ ಕೇಳಿದ್ದು ಅದನ್ನೇ.

"ನನ್ನವು ಏನಂದ್ವು?"

"ಬೆಳದಾವಂತ."

ಅವಳು ಹುಣ್ಣಿನ ಬಾಯಲ್ಲೇ ನಕ್ಕಳು. ಆ ನಗು ನೋಡಿದ ಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ನನ್ನಿಂದ ಆಗಲಿಲ್ಲ. ಅವಳಿಗಾಗಿ ಸುಳ್ಳು ಹೇಳಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಬರೆಯಲು ಕೂತಾಗ ಅದು ಸರಿ ಕಾಣುವುದಿಲ್ಲ. ಸತ್ತಿವೆ ಎಂದರೆ ಯಾಕೆ ಎಂದು ಕೇಳುತ್ತಿದ್ದಳು. ಆ ಪ್ರಶ್ನೆಗೆ ಹೆದರಿ ಹೇಳಿದೆ.

ಹೊರಗೆ ಬಾಯಿ ಬಿಡಬಾರದೆಂದು ಆಣೆ ಹಾಕಿಸಿ ಅಕ್ಕ ಜೊತೆಯವರಿಗಷ್ಟೇ ಹೇಳಿದ್ದಳು, ಕೂದಲಿನ ಕೆಲಸದ ಮನೆಯಲ್ಲಿ ಅವಳ ಜೀವಕೋಶದ ಮಾತೇ ಮಾತಾಯಿತು. ಜೊತೆಯ ಹೆಂಗಸರು ಕೇಳುತ್ತಿದ್ದರು. "ಎಷ್ಟು ದೊಡ್ಡವಾದ್ವು ಅಕ್ಕಾ ನಿನ್ನ ಮಕ್ಕಳು?"

"ಇನ್ನೇನು ಸಾಲಿಗೆ ಹಾಕಬೇಕವಾ."

"ನಿನ್ನಂಗ ಬಾಯಿ ಬಡಕ ಆಗ್ಯಾವೇನು?"

"ನನಗಿಂತ ಒಂದು ಕೈ ಮ್ಯಾಲ. ಬಳ್ಳಾರಿ ನೀರು."

ಅಷ್ಟರಲ್ಲಿ ಅವಳ ಕೂದಲು ಉದುರಿತು. ಬಿದ್ದದ್ದನ್ನು ಮಡಿಲ ಬಟ್ಟೆಯಲ್ಲಿ ಕೂಡಿಹಾಕಿ, ಬಿಳಿ ಬೇರೆ ಕರಿ ಬೇರೆ ಮಾಡಿ ಕಟ್ಟಿಟ್ಟಿದ್ದಳು. ಮಗಳ ಮದುವೆ ಗೊತ್ತಾಗಿತ್ತು. ಬೋಳು ತಲೆಯಲ್ಲಿ ಸೋದರತ್ತೆ ಹೇಗೆ ಮದುವೆಗೆ ಬರುವುದು? ಮುಡಿ ಕೊಟ್ಟಿದ್ದಾಳೆ ಎಂದು ಹೇಳೋಣ ಎಂದೆ. ಅದಕ್ಕೂ ಒಪ್ಪಿದಳು.

"ಯಾವ ದೇವರು ಅನ್ಲಿ?"

"ಹೇಮಗುಡ್ಡ ಅನ್ನು. ಮೊದಲೂ ಅದನ್ನಽ ಹೇಳೇನಿ."

"ಹುಚ್ಚ. ತಿರುಪತಿ ಅನ್ನು. ಅಲ್ಲಿ ಕೂದಲದ ಸುದ್ದಿ ಯಾರರ ಕೇಳಿದ್ರ ನಾ ತಾಸುಗಟ್ಟಲೆ ಮಾತಾಡಬಲ್ಲೆ."

ಮದುವೆಯಲ್ಲಿ ಅವಳು ಸೆರಗು ಹೊದ್ದು, ಒಂದು ಕೈ ಎತ್ತಲಾಗದಿದ್ದರೂ ಇನ್ನೊಂದು ಕೈಯಲ್ಲಿ ಅಕ್ಕಿಕಾಳು ಹಾಕಿದಳು. ಬೀಗತಿ ಅವಳ ಕೈ ಹಿಡಿದು, "ದೊಡ್ಡ ಹರಕಿ ತೀರಿಸೀರಿ" ಎಂದರು. ಅಕ್ಕ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಳು. ನಾನು ಬೇರೆ ಕಡೆ ನೋಡಿದೆ.

ರೋಗ ತಿರುಗಿ ಬಂತು. ಈ ಸಲ ಅವಳ ಎದೆಗೂಡಿನಲ್ಲಿ ನೀರು ತುಂಬುತ್ತಿತ್ತು. ಉಸಿರಿಗೆ ಕಷ್ಟವಾದಾಗ ಕೊಪ್ಪಳದಲ್ಲಿ ಸೂಜಿ ಹಾಕಿ ನೀರು ತೆಗೆಯುತ್ತಿದ್ದರು. ಒಂದು ಸಲ ಡಾಕ್ಟರು ನನ್ನ ಎದುರೇ ಅವಳನ್ನು ಕೇಳಿದರು. "ಈ ನೀರಿನ್ಯಾಗೂ ರೋಗದ ಕೋಶ ಇರ್ತಾವ್ರಿ ಅಮ್ಮಾ. ಬಳ್ಳಾರಿಯವರು ಕೇಳ್ಯಾರ. ಹೋದ ಸಲದ್ದು ಬದುಕಲಿಲ್ಲಂತಲ್ಲ, ಈ ಸಲ ಕೊಡ್ತೀರೇನು?"

ಅಕ್ಕ "ಕೊಡ್ತೀನ್ರಿ" ಎಂದಳು. ನನ್ನ ಕಡೆ ನೋಡಲಿಲ್ಲ. ಡಾಕ್ಟರ ಹಿಂದೆ ನಿಂತಿದ್ದ ನರ್ಸಮ್ಮ, ಹಿಂದಿನವಳೇ, "ಈ ಸಲ ಸರಿಯಾಗಿ ಕಟ್ತೀನ್ರಿ. ಹೋದ ಸಲ ನಾ ಭಾಳ ಬೈಸಿಕೊಂಡೆ" ಎಂದಳು. ಅವರಿಬ್ಬರೂ ಹೋದರು. ಅಕ್ಕ ಹೊದ್ದಿಕೆಯ ಅಂಚಿನ ದಾರ ಎಳೆಯುತ್ತ ಕೂತಳು.

"ಹೇಳು" ಎಂದಳು.

ಎಲ್ಲಾ ಹೇಳಿದೆ. ಬಸ್ಸು, ಬೀಗರು, ದನದ ಔಷಧ, ಮೇಲಿನ ಖಾನೆ. ಬಾನೆಟ್ಟಿನ ಮಾತು ಮಾತ್ರ ಬಿಟ್ಟೆ. ಅವಳು ತಲೆ ಎತ್ತಿದಳು.

"ಬೀಗತಿ ಫ್ರಿಜ್‌ನ್ಯಾಗ? ಬೆಣ್ಣಿ ಬಾಜೂಕ?"

"ಹೂಂ."

ಅವಳಿಗೆ ನಗು ಬಂತು. ನಕ್ಕು ನಕ್ಕು ಕೆಮ್ಮು ಹತ್ತಿ ಬೆನ್ನು ಸವರಬೇಕಾಯಿತು. ನಗು ನಿಂತ ಮೇಲೆ ಕೇಳಿದಳು. "ನೀನು ಅಲ್ಲಿ ಏನು ತಿಂದಿ?"

"ಶಿರಾ."

"ಎಷ್ಟು ಸಲ ಹಾಕಿಸಿಕೊಂಡಿ?"

"ಎರಡು ಸಲ."

ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಆ ಕಡೆಯಿಂದಲೇ ಮಾತಾಡಿದಳು. "ಮುಡಿ ಕೊಟ್ಟೇನಿ ಅಂದೆ. ಹರಕಿಗೆ ಹೋಗಿದ್ದೆ ಅಂದೆ. ನೀ ಹೇಳಿದ್ದೆಲ್ಲಾ ಅಂದೆ. ನನ್ನದು ಅಂತ ಒಂದು ಕೊಟ್ಟಿದ್ದೆ ನಿನ್ನ ಕೈಯಾಗ."

ನಾನು ಜಾರಿದ ಹೊದ್ದಿಕೆಯನ್ನು ಅವಳ ಭುಜದ ಮೇಲೆ ಎಳೆದೆ.

"ಈ ಸಲಾನೂ ನೀನಽ ಒಯ್ಯಿ" ಎಂದಳು. "ಹಿಟ್ನಾಳದಾಗ ಇಳಿ. ಬೀಗತಿ ಮುಂದ ಡಬ್ಬಿ ಇಟ್ಟು, ಇದು ನಮ್ಮಕ್ಕಂದು ಅಂತ ಹೇಳು. ಹೋದ ಸಲದ್ದೂ ಹೇಳು. ಆಮ್ಯಾಲೆ ಮುಂದಿನ ಬಸ್ಸಿಗೆ ಹೋಗು. ಅಷ್ಟೊತ್ತು ತಡಕೊಂತಾವ, ನಾ ಕೇಳೇನಿ."

ನಿಜವಾಗಿಯೂ ನರ್ಸಮ್ಮನನ್ನು ಕೇಳಿ ತಿಳಿದುಕೊಂಡಿದ್ದಳು.

ಮರುದಿನ ನಾನು ಅದೇ ದಾರಿಯ ಬಸ್ಸಿನಲ್ಲಿ ಕೂತಿದ್ದೆ. ತೊಡೆಯ ಮೇಲೆ ಡಬ್ಬಿ. ಹೇಳಬೇಕಾದ ಮಾತನ್ನು ಒಳಗೇ ಜೋಡಿಸಿಕೊಳ್ಳುತ್ತಿದ್ದೆ. ಹಿಟ್ನಾಳ ಬಂತು. ಹಣ್ಣಿನ ಗಾಡಿಯ ಹತ್ತಿರ ಬೀಗರು ಇರಲಿಲ್ಲ. ಯಾರೂ ನನ್ನನ್ನು ಕರೆಯಲಿಲ್ಲ. ಅವರ ಮನೆಯ ಓಣಿ ಕಾಣುತ್ತಿತ್ತು. ಇಳಿಯುವವರು ಇಳಿದರು. ತಡವಾದರೆ ಇದೂ ಕೆಡುತ್ತದೆ, ಮೊದಲು ಇದು ಮುಟ್ಟಲಿ, ಬರುವಾಗ ಇಳಿದರಾಯಿತು ಎಂದುಕೊಂಡೆ. ಆ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅದಕ್ಕೇ ಅದು ನನಗೆ ಅಷ್ಟು ಸುಲಭವಾಗಿ ಸಿಕ್ಕಿತು. ಬಸ್ಸು ಹೊರಟಿತು. ಬರುವಾಗ ನಾನು ರೈಲಿಗೆ ಬಂದೆ.

ಬಳ್ಳಾರಿಯಲ್ಲಿ ಈ ಸಲ ಹುಡುಗಿ ನನ್ನನ್ನು ಗಾಜಿನ ಈಚೆ ನಿಲ್ಲಿಸಿ ಎಲ್ಲಾ ತೋರಿಸಿದಳು. ಆ ನೀರನ್ನು ಯಂತ್ರದಲ್ಲಿ ಗರಗರ ತಿರುಗಿಸಿದಾಗ ಕೋಶಗಳೆಲ್ಲ ತಳಕ್ಕೆ ಕೂತವು. ರಕ್ತದ ಕೋಶಗಳನ್ನು ಒಡೆದು ತೊಳೆದಳು. ಆಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಮಣಿಗಳನ್ನು ಬೆರೆಸಿದಳು. ಆ ಮಣಿಗಳು ರೋಗದ ಕೋಶಕ್ಕಷ್ಟೇ ಹೋಗಿ ಅಂಟಿಕೊಳ್ಳುತ್ತವೆಯಂತೆ. ನಳಿಕೆಯನ್ನು ಅಯಸ್ಕಾಂತದ ಪಕ್ಕ ಇಟ್ಟಳು. ಸ್ವಲ್ಪ ಹೊತ್ತಿಗೆ ಅದರ ಒಂದು ಗೋಡೆಗೆ ಕಂದು ಬಣ್ಣದ ತೆಳು ಗೆರೆ ಕಟ್ಟಿತು. ಉಳಿದ ನೀರನ್ನು ಹೀರಿ ತೆಗೆದಳು. ಆ ಗೆರೆ ಉಳಿಯಿತು.

"ಇವಷ್ಟಽ ಏನ್ರಿ?" ಎಂದೆ.

"ಇವಷ್ಟಽ ಅಮ್ಮಂದು. ಇನ್ನೂ ಒಂದೆರಡು ಸಲ ತೊಳದ್ರ ಹಸನಾಗ್ತಾವ. ಬೆಳೀತಾವೋ ಇಲ್ಲೋ, ಆಮ್ಯಾಲಿನ ಮಾತು. ಎಲ್ಲಾರವೂ ಬೆಳಿಯಂಗಿಲ್ಲ."

ಗಾಜಿನ ಆಚೆ ಆ ಗೆರೆಯನ್ನು ನೋಡುತ್ತ ನಿಂತೆ. ಮೊದಲ ಸಲ ನಾನು ಓಡಿ ಬಂದ ಮೇಲೆ ಆ ಚೂರಿಗೂ ಅವಳು ಹೀಗೇ ಮಾಡಿರಬೇಕು. ಸಣ್ಣಗೆ ಹೆಚ್ಚಿ, ಬೆಚ್ಚಗಿನ ನೀರಿನಲ್ಲಿ ಬಿಡಿಸಿ, ಜಾಲರಿಯಲ್ಲಿ ಸೋಸಿ, ಆರಿಸಿ. ಸತ್ತವನ್ನು ಆರಿಸುತ್ತ ಅವಳು ಎಷ್ಟು ಹೊತ್ತು ಕೂತಿದ್ದಳೋ.

ಈ ಸಲದವು ಬದುಕಿದವು. ಹುಡುಗಿ ನನ್ನ ಫೋನಿಗೆ ಒಂದು ಚಿತ್ರ ಕಳಿಸಿದಳು. ಬೂದು ಬಣ್ಣದ ನೆಲದ ಮೇಲೆ ದುಂಡನೆಯ ಕೋಶಗಳು ಒಂದಕ್ಕೊಂದು ಒತ್ತಿಕೊಂಡು, ಅಂಚು ಹೊಳೆಯುತ್ತ. ಅದನ್ನು ತೆಗೆದುಕೊಂಡು ಭಾಗ್ಯನಗರಕ್ಕೆ ಓಡಿದೆ. ಅಕ್ಕ ಆಗ ಬಹಳ ಬಡವಾಗಿದ್ದಳು. ಫೋನನ್ನು ಕಣ್ಣ ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದು ನೋಡಿದಳು. ಬೆರಳಿನಿಂದ ಗಾಜನ್ನು ಸವರಿದಳು, ಯಾವುದೋ ಒಂದನ್ನು ಎಳೆದು ತೆಗೆಯುವವಳ ಹಾಗೆ.

"ಕಲಬೆರಕಿ ಇಲ್ಲಲ್ಲ?"

"ಇಲ್ಲಕ್ಕ. ಬರೇ ನಿನ್ನವು."

"ಛಲೋ ಅದಾವ" ಎಂದಳು. ಇನ್ನೂ ನೋಡುತ್ತಲೇ, "ಹಿಟ್ನಾಳದಾಗ ಇಳಿದಿದ್ದಿ?" ಎಂದು ಕೇಳಿದಳು.

"ಇಲ್ಲ."

ಅವಳು ಫೋನನ್ನು ನನ್ನ ಕೈಗೆ ಕೊಟ್ಟಳು. ಸಿಟ್ಟು ಮಾಡಲಿಲ್ಲ. ಊಟ ಮಾಡಿದೆಯಾ ಎಂದು ಕೇಳಿದಳು. ಆ ಮಾತನ್ನು ಮತ್ತೆ ಎಂದೂ ತೆಗೆಯಲಿಲ್ಲ. ತೆಗೆದಿದ್ದರೆ ನಾನು ಹೋಗುತ್ತಿದ್ದೆನೋ ಏನೋ. ಮಳೆಗಾಲ ಮುಗಿಯುವ ಮೊದಲು ಅವಳು ಹೋದಳು.

ಮಣ್ಣಿಗೆ ಬೀಗರಿಬ್ಬರೂ ಬಂದಿದ್ದರು. ಏನಾಗಿತ್ತು ಎಂದು ಕೇಳಿದವರಿಗೆ ನಾನು ಎದೆಯಲ್ಲಿ ನೀರು ತುಂಬಿತ್ತು ಎಂದೆ. ಅದು ಸುಳ್ಳಲ್ಲ. ಬೀಗತಿ ಅಕ್ಕನ ಕಾಲ ಹತ್ತಿರ ಕೂತು ಬಹಳ ಅತ್ತರು. ಸೆರಗು ಜಾರಿ ಅವಳ ತಲೆ ಕಂಡಾಗ ಅವರೇ ಅದನ್ನು ಸರಿ ಮಾಡಿದರು. ಅವರು ಕೆಟ್ಟವರಲ್ಲ. ನಾನು ಹೆದರಿದ ಹಾಗೆ ಅವರು ಎಂದಾದರೂ ಮಾತಾಡುತ್ತಿದ್ದರೇ ಎಂದು ಈಗ ನನಗೆ ಗೊತ್ತಿಲ್ಲ. ನಾನು ಕೇಳಿಯೇ ಇರಲಿಲ್ಲ.

ಮೊನ್ನೆ ಹಿಟ್ನಾಳಕ್ಕೆ ಹೋಗಿದ್ದೆ. ಮಗಳು ಗಂಗಾವತಿಯಿಂದ ಕೂಸನ್ನು ಕರೆದುಕೊಂಡು ಬಂದಿದ್ದಳು. ಬಿಸಿಲು. ಕೂಸು ಬಿದ್ದು ಹಣೆ ಊದಿಸಿಕೊಂಡಿತ್ತು. ಬೀಗತಿ ಬರ್ಫು ಇಡಲು ಫ್ರಿಜ್‌ನ ಮೇಲಿನ ಖಾನೆ ತೆಗೆದರು. ಅದೇ ಫ್ರಿಜ್. ತಂಪು ಹೊಗೆ ನನ್ನ ಕಡೆಗೆ ಬಂತು. ಅಡಿಗೆಮನೆಯಲ್ಲಿ ನಾವಿಬ್ಬರೇ ಇದ್ದೆವು. ಇದಕ್ಕಿಂತ ಒಳ್ಳೆಯ ಗಳಿಗೆ ಮತ್ತೆ ಬರಲಾರದು ಎಂದು ನನಗೆ ಅನ್ನಿಸಿತು.

"ಬೀಗ್ತೇರ, ಅವತ್ತು ನಾ ಒಂದು ಡಬ್ಬಿ ತಂದಿದ್ದೆ ನೋಡ್ರಿ..."

"ಯಾವುದ್ರಿ?" ಅವರು ಬರ್ಫನ್ನು ಅರಿವೆಯಲ್ಲಿ ಸುತ್ತುತ್ತ ಯೋಚಿಸಿದರು. "ಹಾಂ, ಬಳ್ಳಾರಿಗೆ ಹೊಂಟಿದ್ರಿ. ಇಲ್ಲೇ ಇಟ್ಟಿದ್ದೆ ನಾನು. ದನದ ಔಷಧದ್ದಲ್ಲೇನ್ರಿ ಅದು?"

ಒಳಗೆ ಕೂಸು ಅಳುತ್ತಿತ್ತು.

"ಹೌದ್ರಿ, ಅದಽ" ಎಂದೆ.